ಮಿರಗದ ಮೀನು, ಮುತ್ಯಾನ ಲೈಸನ್ಸು

ಸಣ್ಣ ಹುಡುಗರಿಗಿ ಮೀನ ತಿನ್ನಿಸೋ ಮನ್ಯಾಗ ನಗಲಾಕ ಬ್ಯಾರೆ ಏನೂ ಬೇಕಿಲ್ರಿ. ತಿನ್ನಿಸೋರು ಹೆದರ್ಕೊಂತ ತಿನ್ನಿಸ್ತಾರ, ತಿನ್ನೋರು ಉಗುಳ್ಕೊಂತ ತಿಂತಾರ, ಸುತ್ತ ಕೂತೋರು ತಮ್ಮ ಊಟ ಬಿಟ್ಟು ಬುದ್ಧಿ ಹೇಳ್ತಾರ. ನಮ್ಮ ಮನ್ಯಾಗ ಇದು ಭಾಳ ವರ್ಷದಿಂದ ನಡೆದು ಬಂದದ, ಒಂದು ಸಲನೂ ಸುಮ್ಕ ಮುಗಿದಿಲ್ಲ.

ನಾನು ಸರ್ಕಾರಿ ಬಸ್ಸಿನ ಡ್ರೈವರ್ ಇದ್ದೆ. ಬೀದರ್-ಔರಾದ, ಬೀದರ್-ಭಾಲ್ಕಿ, ಈ ಎರಡು ರೋಡಿನ ಮ್ಯಾಲ ನನ್ನ ಅರ್ಧ ಆಯುಷ್ಯ ಹೋಗ್ಯಾದ. ಈಗ ರಿಟೈರ್ ಆಗಿ ನೌಬಾದದಾಗ ಮನಿ ಮುಂದಿನ ಕಟ್ಟಿ ಮ್ಯಾಲ ಕೂಡ್ತೀನಿ. ಖರೇ ಮನ್ಯಾಗ ನನಗ ಇನ್ನೊಂದು ನೌಕರಿ ಇತ್ತು. ಅದು ಹುಡುಗರ ಮೀನಿನ ಮುಳ್ಳು ತೆಗಿಯೋ ನೌಕರಿ. ಅದಕ್ಕ ಪಗಾರ ಇಲ್ಲ, ಹಂಗಾಗಿ ರಿಟೈರ್‌ಮೆಂಟೂ ಇಲ್ಲ ಅಂತ ನಾ ತಿಳ್ಕೊಂಡಿದ್ದೆ.

ನಮ್ಮ ಕಡಿ ಮಿರಗ ಹತ್ತಿದ ದಿನ, ಅಂದ್ರ ಮೃಗಶಿರಾ ಮಳಿ ಕೂಡೋ ದಿನ, ಮೀನ ತಿನ್ನೋ ಮನಿಯವರು ಮೀನ ತಿನ್ನಲೇಬೇಕು. ಮೈಗಿ ಕಾವು ಬರ್ತದ, ಮಳಿಗಾಲದಾಗ ಕೆಮ್ಮು ದಮ್ಮು ಹತ್ತಲ್ಲ ಅಂತಾರ. ಅದ್ರ ಮ್ಯಾಲ ನಮ್ಮ ಮನಿದೇ ಒಂದು ರೂಢಿ ಅದ. ಕೂಸಿಗಿ ಮೊದಲ್ನೇ ಮಿರಗ ಬಂದಾಗ ಮನಿ ಹಿರಿಮನುಷ್ಯ ತನ್ನ ಕೈಲೇ ಮುಳ್ಳು ತೆಗೆದು, ಮೊದಲ್ನೇ ಮೀನ ಕೂಸಿನ ಬಾಯಾಗ ಇಡಬೇಕು. ನನಗ ನಮ್ಮ ಮುತ್ಯಾ ಇಟ್ಟಿದ್ದ. ನನ್ನ ಮಗಗ ನಮ್ಮಪ್ಪ ಇಟ್ಟಿದ್ದ. ಈ ಸಲ ನನ್ನ ಹತ್ತು ತಿಂಗಳ ಮೊಮ್ಮಗಳಿಗಿ ನಾ ಇಡಬೇಕು. ಆಕಿ ಹುಟ್ಟಿದ ದಿನದಿಂದ ನಾ ಇದೇ ದಿನ ಕಾಯ್ಕೊಂತ ಕೂತೀನಿ.

ಅಷ್ಟ್ರಾಗ ನನ್ನ ಎರಡೂ ಕಣ್ಣಿಗಿ ಮೋತಿಬಿಂದು, ಅಂದ್ರ ಪೊರಿ ಬಂತು. ದವಾಖಾನ್ಯಾಗ ಆಪರೇಷನ್ ತಾರೀಖು ಸಿಕ್ಕಿದ್ದು ಮಿರಗ ಆದ ಮ್ಯಾಲ. ನನ್ನ ಹೆಂಡ್ತಿ ಒಂದೇ ಮಾತಿನ್ಯಾಗ ತೀರ್ಪು ಕೊಟ್ಲು.

"ಇವತ್ತಿನಿಂದ ನಿಮ್ಮ ಮುಳ್ಳಿನ ಲೈಸನ್ಸ್ ಕ್ಯಾನ್ಸಲ್."

ಎಂಥಾ ಸರ್ವಿಸ್ ಮಾಡಿದವನ ಲೈಸನ್ಸ್ ಕಸ್ಕೊಂಡ್ಳು ಅಂತ ನಿಮಗ ಗೊತ್ತಾಗಬೇಕಲ್ಲ, ಅದಕ್ಕ ಮೊದಲಿಂದ ಹೇಳ್ತೀನಿ.

೧. ತಾಟಿನ ಸ್ಟೇರಿಂಗ್

ನನ್ನ ಮಗ ಮೂರು ವರ್ಷದವ ಇದ್ದಾಗ ಮೀನ ಅಂದ್ರ ಬಾಯಿ ಬಂದ್. ಹೊಡೆದ್ರೂ ಇಲ್ಲ, ಮುದ್ದು ಮಾಡಿದ್ರೂ ಇಲ್ಲ. ಅವನವ್ವ ತುತ್ತು ಹಿಡ್ಕೊಂಡು ಅಂಗಳದ ತುಂಬ ಓಡಾಡಿ ಸುಸ್ತಾಗಿ ಕೂತ್ಲು. ನಾ ಡ್ಯೂಟಿ ಮುಗಿಸಿ ಬಂದವ ಅವನ್ನ ತೊಡಿ ಮ್ಯಾಲ ಕುಂದ್ರಿಸ್ಕೊಂಡು, ಕೈಯಾಗ ಒಂದು ಖಾಲಿ ಸ್ಟೀಲಿನ ತಾಟ ಕೊಟ್ಟೆ. "ಹಿಡಿಯಪ್ಪ ಸ್ಟೇರಿಂಗ್. ಇದು ಔರಾದ ಬಸ್. ಸ್ಟಾಪ್ ಬಂದಾಗ ಬಾಗಿಲ ತೆರಿಬೇಕು" ಅಂದೆ. ಬಾಗಿಲ ಅಂದ್ರ ಬಾಯಿ.

ಘರ್ರ್ ಅಂತ ಬಸ್ ಹೊಂಡ್ತು. "ನೌಬಾದ!" ಅಂದ್ರ ಒಂದು ತುತ್ತು. "ಜನವಾಡ!" ಅಂದ್ರ ಇನ್ನೊಂದು. "ಕೌಠಾ!" ಅಲ್ಲಿ ಮಾಂಜ್ರಾ ನದಿ ಬ್ರಿಡ್ಜ್ ಬರ್ತದಲ್ಲ, ಅದಕ್ಕ ತುತ್ತಿನ ಹಿಂದ ಒಂದು ಗುಟುಕು ನೀರು. "ಸಂತಪುರ!" ಮತ್ತೊಂದು. "ಔರಾದ! ಲಾಸ್ಟ್ ಸ್ಟಾಪ್!" ಅನ್ನೋದ್ರಾಗ ಒಂದು ತುಣುಕು ಮೀನ ಹೊಟ್ಟ್ಯಾಗ ಇಳಿದಿರ್ತಿತ್ತು. ಇಷ್ಟು ಸಲೀಸಾಗಿ ಖರೇ ಬಸ್ಸೂ ಎಂದೂ ಔರಾದ ಮುಟ್ಟಿಲ್ಲ.

ಒಂದೇ ತೊಂದ್ರಿ. ಪ್ರತಿ ಸ್ಟಾಪಿಗೂ ಅವನ ಜೋಡಿ ನಂದೂ ಬಾಯಿ ತಾನೇ ತೆರಿತಿತ್ತು. ನನ್ನ ಹೆಂಡ್ತಿ ಒಲಿ ಮುಂದ ಕೂತು ನಗೋಳು.

"ಹುಡುಗನಗಿಂತ ನೀವೇ ದೊಡ್ಡ ಬಾಯಿ ತೆರಿತೀರಿ. ತುತ್ತು ಯಾರಿಗಿ ಇಡ್ಲಿ, ಹೇಳ್ರಿ."

ಒಂದಿನ ನಾ ಡ್ಯೂಟಿಗಿ ಹೋದಾಗ ಆಕಿನೇ ಬಸ್ ಹೊಡಿಲಾಕ ಕೂತ್ಲು. ಆಕಿ ತವರಮನಿ ಭಾತಂಬ್ರಾ. ಅಭಿಮಾನ ನೋಡ್ರಿ, ಬಸ್ ಸೀದಾ ಭಾಲ್ಕಿ ಕಡಿ ತಿರುಗಿಸಿ, "ಭಾಲ್ಕಿ ಬಂತು! ಭಾತಂಬ್ರಾ ಬಂತು!" ಅಂದಾಳ. ಹುಡುಗ ತಾಟ ಕೆಳಗಿಟ್ಟು, "ಈ ರೋಡ್ ನನಗ ಗೊತ್ತಿಲ್ಲ" ಅಂದು ಬಾಯಿ ಬಿಗಿ ಹಿಡ್ಕೊಂಡು ಕೂತಾನ. ಸಂಜಿಗಿ ನಾ ಮನಿಗಿ ಬಂದ ಮ್ಯಾಲೇ ಬಸ್ ಹೊಂಡ್ತು.

ಮುಂದ ಅವನ್ನ ಸಾಲಿಗಿ ಹಾಕಿದ್ವಿ. ಸ್ವಲ್ಪ ದಿನಕ್ಕ ಅವನ ಸರ್ ನನ್ನ ಕರಿಸಿದ್ರು. ಏನು ತಪ್ಪು ಮಾಡ್ಯಾನೋ ಅಂತ ಫಿಕರ್ ಮಾಡ್ಕೊಂತ ಹೋದೆ. ಸರ್ ಕುರ್ಚಿ ಕೊಟ್ಟು ಕುಂದ್ರಿಸಿ, ಬಾಗಿಲ ಮುಂದ ಮಾಡಿ, ಸಣ್ಣ ದನಿಲೆ ಕೇಳಿದ್ರು.

"ಹುಡುಗ ಭಾಳ ಹುಷಾರ ಇದ್ದಾನ್ರಿ. ಔರಾದ ರೋಡಿನ ಊರ ಹೆಸರು ಕೇಳಿದ್ರ ಒಂದೂ ತಪ್ಪದೆ ಹೇಳ್ತಾನ. ಖರೇ ಒಂದೊಂದು ಊರ ಹೆಸರು ಹೇಳಿ, ಬಾಯಿ ತೆರೆದು ನನ್ನ ಕೈ ಯಾಕ ನೋಡ್ತಾನ್ರಿ?"

೨. ಗೋಡಿ ಆಚಿಗಿ ಒಂದು ಸೀಟು

ನಮ್ಮ ಮನಿ ಬಾಜೂಕ ಒಂದು ಕಿರಾಣಿ ಅಂಗಡಿ ಅದ. ಅಂಗಡಿ ನಡಸೋ ಅಕ್ಕಾರು ಬಸವಣ್ಣನ ಭಕ್ತರು, ಲಿಂಗ ಕಟ್ಟಿದೋರು, ಮೀನ ಮಾಂಸ ಮುಟ್ಟೋರಲ್ಲ. ನಾವು ಬುದ್ಧನಿಗಿ ನಡ್ಕೊಳ್ಳೋರು, ನಮ್ಮ ಮನ್ಯಾಗ ಮೀನ ನಡಿತದ. ನಡುವ ಎದಿಮಟ್ಟದ ಒಂದು ಗೋಡಿ. ಆ ಗೋಡಿ ಮ್ಯಾಲಿಂದ ಚಟ್ನಿ, ಕರಿಬೇವು, ಊರ ಸುದ್ದಿ ಎಲ್ಲಾ ದಾಟ್ತಾವ, ಮೀನ ಒಂದು ಬಿಟ್ಟು.

ಅವರಿಗೂ ನನ್ನ ಮಗನ ಓರಗಿ ಒಬ್ಬ ಮಗ ಇದ್ದ. ನಮ್ಮ ಅಂಗಳದಾಗ ದಿನಾ ಬಸ್ ಹೊಂಡೋ ಸಪ್ಪಳ ಕೇಳಿ ಅವನಿಗಿ ಮನ್ಯಾಗ ಊಟ ಒಲ್ಲೆ ಅನಿಸ್ತು. ಒಂದಿನ ಅಕ್ಕಾರು ಅನ್ನ ತುಪ್ಪದ ತಾಟ ಹಿಡ್ಕೊಂಡು, ಹುಡುಗನ್ನ ಗೋಡಿ ಮ್ಯಾಲ ಕುಂದ್ರಿಸಿ ನಿಂತ್ರು.

"ಅಣ್ಣಾರ, ನಮ್ಮ ಹುಡುಗಗೂ ಒಂದು ಸೀಟ ಕೊಡ್ರಿ. ಬುತ್ತಿ ನಮ್ದೇ ಅದ."

"ಬರ್ರಿ ಅಕ್ಕಾರ, ಸೀಟ ಭಾಳ ಖಾಲಿ ಅವ" ಅಂದೆ.

ಬಸ್ ಹೊಂಡ್ತು. ನೌಬಾದ ಅಂದೆ. ಗೋಡಿ ಈಚಿಗಿ ಒಂದು ಬಾಯಿ, ಗೋಡಿ ಆಚಿಗಿ ಒಂದು ಬಾಯಿ, ನಡುವ ನಂದೊಂದು. ಅಕ್ಕಾರ ತುತ್ತು ಗಪ್ ಅಂತ ಒಳಗ ಹೋಯ್ತು. ನಾ ಇನ್ನ ಮುಳ್ಳು ಹುಡುಕ್ಲತ್ತಿದ್ದೆ. ರೋಹು ಮೀನಿನ ಮುಳ್ಳು ನಿಮಗ ಗೊತ್ತಲ್ಲ, ಮಾಂಸದ ಒಳಗ ಕವಲೊಡೆದು ಕೂತಿರ್ತಾವ. ಒಂದು ತುತ್ತು ಸೈ ಮಾಡ್ಬೇಕಂದ್ರ ಎರಡು ಬೀಡಿ ಸೇದಿ ಮುಗಿಸೋವಷ್ಟು ಹೊತ್ತು. ಅಕ್ಕಾರ ಹುಡುಗ ಬಾಯಿ ತೆರ್ಕೊಂಡು ಕಾದು ಕಾದು ಬ್ಯಾಸತ್ತ.

"ಕಾಕಾ, ನಿಮ್ಮ ಬಸ್ ಒಂದೇ ಸ್ಟಾಪಿನ್ಯಾಗ ಯಾಕ ಇಷ್ಟು ಹೊತ್ತು ನಿಂದರ್ತದ?"

"ಮುಳ್ಳು ತೆಗಿಲತ್ತೀನಪ್ಪ."

"ನಮ್ಮ ತಾಟಿನ್ಯಾಗ ಮುಳ್ಳಿಲ್ಲ. ಅವ್ವಾ, ನಾವು ಬ್ಯಾರೆ ಬಸ್ ಬಿಡೋಣ. ನಮ್ದು ನಾನ್‌ಸ್ಟಾಪ್."

ಅಕ್ಕಾರು ನಕ್ಕೊಂತ ನಾನ್‌ಸ್ಟಾಪ್ ಬಿಟ್ರು. ತುತ್ತಿನ ಮ್ಯಾಲ ತುತ್ತು, ತಾಟ ಅರ್ಧ ಖಾಲಿ. ನನ್ನ ಮಗ ಅದನ್ನೇ ಪಿಳಿಪಿಳಿ ನೋಡಿದ, ತನ್ನ ಸ್ಟೇರಿಂಗ್ ನನ್ನ ತೊಡಿ ಮ್ಯಾಲ ಇಟ್ಟ, ಎದ್ದು ಹೋಗಿ ಗೋಡಿ ಹತ್ತಿ ಅಕ್ಕಾರ ಮುಂದ ಬಾಯಿ ತೆರೆದು ಕೂತ. ಆವತ್ತು ಅನ್ನ ತುಪ್ಪ ಉಂಡು ಅಲ್ಲೇ ಮಲಗಿದ. ನಾ ಮುಳ್ಳು ತೆಗೆದ ಮೀನ ನಾನೇ ತಿನ್ಕೊಂತ, ತೊಡಿ ಮ್ಯಾಲ ಖಾಲಿ ತಾಟ ಹಿಡ್ಕೊಂಡು, ಒಬ್ಬನೇ ಔರಾದಕ್ಕ ಹೋಗಿ ಬಂದೆ.

೩. ಪಂಚ್ ಆದ ಟಿಕೆಟು

ಇದು ಖರೇ ಬಸ್ಸಿನ ಕಥಿ. ಔರಾದದಿಂದ ಬೀದರಕ್ಕ ಬರ್ಲತ್ತಿದ್ದೆ. ನನ್ನ ಸೀಟಿನ ಹಿಂದ ಒಬ್ಬಾಕಿ ಸಣ್ಣ ವಯಸ್ಸಿನ ತಾಯಿ, ತೊಡಿ ಮ್ಯಾಲ ವರ್ಷದೊಳಗಿನ ಕೂಸು. ತವರಮನಿಯವರು ಡಬ್ಬಿ ಕಟ್ಟಿ ಕೊಟ್ಟಿದ್ರು. ಸಂತಪುರ ದಾಟೋದ್ರಾಗ ಕೂಸು ಅಳಲಾಕ ಶುರು ಮಾಡ್ತು, ಆಕಿ ಡಬ್ಬಿ ತೆರೆದ್ಲು. ಇಡೀ ಬಸ್ಸಿಗಿ ಮೀನ ವಾಸನಿ. ಹಸ್ಕೊಂಡು ಕೂತ ಮಂದಿ ಒಬ್ಬೊಬ್ಬರೇ ಕುತ್ತಿಗಿ ಎತ್ತಿ ನೋಡಿದ್ರು.

"ಡ್ರೈವರ್ ಅಣ್ಣಾರ, ಬಸ್ ಜರಾ ಸಾವಕಾಶ ನಡಸ್ರಿ. ಕೂಸಿಗಿ ಮುಳ್ಳು ತೆಗಿಲತ್ತೀನಿ."

ನಾ ಇದೇ ನೌಕರಿ ಮನ್ಯಾಗ ಮಾಡೋವ, ಕಷ್ಟ ಗೊತ್ತಿದ್ದಾವ. ಗೇರ್ ಇಳಿಸಿದೆ. ರೋಡ್ ಹ್ಯಾಂಗಿತ್ತಂದ್ರ ಗುಂಡಿ ನಡುವ ನಡುವ ರೋಡ್. ಗುಂಡಿ ಬರೋಕಿಂತ ಮೊದಲೇ "ಗುಂಡಿ ಬಂತವ್ವಾ" ಅಂತ ಒದರ್ತಿದ್ದೆ. ಆಕಿ ಕೈ ಮ್ಯಾಲೆತ್ತಿ ಹಿಡಿಯೋಳು. ಗುಂಡಿ ಹೋದ ಮ್ಯಾಲ "ಹಾಂ, ಈಗ ತೆಗಿ" ಅನ್ನೋದು. ಸ್ವಲ್ಪ ದೂರಕ್ಕ ಬಸ್ಸಿನ ಮಂದಿ ಎಲ್ಲಾ ನನ್ನ ಜೋಡಿ ಒದರಲಾಕ ಹತ್ತಿದ್ರು. "ಗುಂಡಿ! ಹಾಂ, ತೆಗಿ! ಗುಂಡಿ! ಹಾಂ, ತೆಗಿ!"

ಜನವಾಡದಾಗ ಚೆಕಿಂಗ್ ಸಾಹೇಬ್ರು ಹತ್ತಿದ್ರು. ಎಲ್ಲಾರ ಟಿಕೆಟ್ ನೋಡ್ಕೊಂತ ಮುಂದ ಬಂದು ಆಕಿಗಿ ಟಿಕೆಟ್ ಕೇಳಿದ್ರು. ಆಕಿ ಎರಡೂ ಕೈಗಿ ಮೀನ ಹತ್ತಿತ್ತು. ಸೆರಗಿನ್ಯಾಗ ನೋಡಿದ್ಲು, ಚೀಲದಾಗ ನೋಡಿದ್ಲು. ಆಮ್ಯಾಲ ಕೂಸಿನ ಮಾರಿ ನೋಡಿ ಎದಿ ಬಡ್ಕೊಂಡ್ಳು.

"ಅಯ್ಯ ಸಾಹೇಬ್ರ, ಮೀನ ಉಗುಳಿ ಟಿಕೆಟ್ ತಿನ್ಲತ್ತದ್ರಿ!"

ಬಾಯಾಗ ಬೆರಳು ಹಾಕಿ ತೆಗೆದಾಗ ಒದ್ದಿ ಆದ ಅರ್ಧ ಟಿಕೆಟ್ ಹೊರಗ ಬಂತು. ಅದ್ರ ಮ್ಯಾಲ ಎರಡು ಹಲ್ಲಿನ ಗುರ್ತು. ಸಾಹೇಬ್ರು ಅದನ್ನ ತುದಿ ಬೆರಳಿನ್ಯಾಗ ಹಿಡಿದು, ಕಿಟಕಿ ಬೆಳಕಿಗಿ ಎತ್ತಿ, ಹಿಂದ ಮುಂದ ತಿರುಗಿಸಿ ನೋಡಿ ವಾಪಸ್ ಕೊಟ್ರು.

"ಸರಿ ಅದವ್ವ. ಪಂಚ್ ಸೈತ ಆಗ್ಯಾದ."

೪. ಎರಡು ತಾಟು, ಒಂದು ನಾಲಿಗಿ

ಈಗ ಈ ವರ್ಷದ ಮಾತಿಗಿ ಬರ್ತೀನಿ. ನನ್ನ ಸೊಸಿ ಭಾಲ್ಕಿಯಾಕಿ, ಸಾಲಿ ಟೀಚರ್. ಕೈಯಾಗ ಕೆಂಪ ಪೆನ್ನು ಇಲ್ದಿದ್ರೂ ಕಣ್ಣಾಗ ಇದ್ದೇ ಇರ್ತದ. ಮಿರಗ ಬರ್ಲತ್ತದ ಅಂತ ಕೂಸಿನ ಡಾಕ್ಟರ್‌ಗಿ ಮೊದಲೇ ಕೇಳಿ ಬಂದಿದ್ಲು. ಮೀನ ಛಲೋ, ಕೊಡ್ರಿ. ಚೆಂದಂಗ ಬೇಯಿಸಿ ಕೊಡ್ರಿ, ಉಪ್ಪು ಖಾರ ಹಾಕಬ್ಯಾಡ್ರಿ, ಮೊದಲ್ನೇ ಸಲ ಒಂಚೂರು ಕೊಟ್ಟು ನೋಡ್ರಿ, ಮುಳ್ಳು ಮಾತ್ರ ಒಂದೂ ಇರಬಾರ್ದು ಅಂದಿದ್ರಂತ.

ನನ್ನ ಹೆಂಡ್ತಿಗಿ ಇದು ಸೇರ್ಲಿಲ್ಲ. "ನಾವೇನು ಮಕ್ಕಳಿಗಿ ತಿನ್ನಿಸಿಲ್ಲೇನು? ಸಾರಿನ ತುಣುಕು ತಗೊಂಡು ನೀರಾಗ ಅದ್ದಿ ತೊಳೆದ್ರ ಆಯ್ತು. ಖಾರ ಹೋಗ್ತದ, ರುಚಿ ಇರ್ತದ" ಅಂದ್ಲು.

ಒಂದು ಆಯಿತವಾರ ಇಬ್ಬರೂ ತಮ್ಮ ತಮ್ಮ ಮೀನ ಮಾಡಿ, ಎರಡು ತಾಟು ನನ್ನ ಮುಂದ ತಂದಿಟ್ರು. ರುಚಿ ನೋಡಿ ನ್ಯಾಯ ಹೇಳಬೇಕಂತ. ಒಂದು ಕಡಿ ಹೆಂಡ್ತಿ, ಒಂದು ಕಡಿ ಸೊಸಿ. ಇಂಥಾ ತಿರುವಿನ್ಯಾಗ ನಾ ಬಸ್ ಎಂದೂ ಹೊಡೆದಿಲ್ಲ.

ಮೊದಲ ಸೊಸಿದು ತಿಂದೆ. ಉಗಿಯಾಗ ಬೆಂದದ್ದು, ಬೆಳ್ಳಗ, ಮೆತ್ತಗ.

"ಹ್ಯಾಂಗದ್ರಿ ಮಾವಾರ?"

"ಛಲೋ ಅದವ್ವ. ಖರೇ ತಾನು ಮೀನ ಅಂತ ಮೀನಿಗೇ ನೆನಪ ಹೋಗ್ಯಾದ."

ಹೆಂಡ್ತಿ ಖುಷ್ ಆಗಿ ತನ್ನ ತಾಟ ಮುಂದ ದೂಡಿದ್ಲು. ನೀರಾಗ ತೊಳೆದ ತುಣುಕು ಬಾಯಾಗ ಇಟ್ಟೆ. ಕಣ್ಣಾಗ ನೀರು, ಮೂಗಿನ್ಯಾಗ ನೀರು, ಬಿಕ್ಕಳಿಕಿ ಹತ್ತಿ ಮಾತೇ ನಿಂತು ಹೋಯ್ತು. ನಾಕು ನೀರಿನ್ಯಾಗ ತೊಳೆದೀನಿ ಅಂತ ಆಕಿ ಆಣಿ ಮಾಡಿ ಹೇಳಿದ್ಲು. ಸೊಸಿ ನನಗೊಂದು ಗ್ಲಾಸ್ ಮಜ್ಜಗಿ ತಂದು ಕೊಟ್ಲು, ಅಷ್ಟೇ. ನಾ ಬಿಕ್ಕಳಿಸ್ಕೊಂತನೇ ಬೆರಳು ಎತ್ತಿ ಸೊಸಿ ತಾಟ ತೋರಿಸಿದೆ. ಆವತ್ತು ರಾತ್ರಿ ನನ್ನ ಹೆಂಡ್ತಿ ನನಗ ಹಾಕಿದ ಸಾರಿನ್ಯಾಗ ಉಪ್ಪೂ ಇರಲಿಲ್ಲ, ಖಾರನೂ ಇರಲಿಲ್ಲ.

"ಡಾಕ್ಟರ್ ಮಾತು ನಿಮಗ ಭಾಳ ಸೇರ್ತದಲ್ಲ, ಉಣ್ರಿ" ಅಂದ್ಲು.

೫. ಫೇಲ್ ಆದ ಡ್ರೈವರು, ಉಪಾಸ ಬಿದ್ದ ಬೆಕ್ಕು

ಅದಾದ ಮ್ಯಾಲ ನನ್ನ ಪರೀಕ್ಷಾ. "ಮಾವಾರ, ನೀವೇ ಮೊದಲ್ನೇ ಮೀನ ಇಡ್ರಿ, ನನಗೂ ಅದೇ ಆಸಿ. ಖರೇ ಕೂಸಿನ ಗಂಟಲಿನ ಮಾತದ. ಒಂದು ಸಲ ಮುಳ್ಳು ತೆಗೆದು ತೋರಿಸ್ರಿ" ಅಂದ್ಲು ಸೊಸಿ. ನ್ಯಾಯದ ಮಾತು. ಚಷ್ಮಾ ಒರೆಸ್ಕೊಂಡು ಕೂತೆ. ಒಂದು ತುಣುಕು ರೋಹು, ಕಣ್ಣು ಕಿರಿದು ಮಾಡಿ, ಮೂಗು ತಾಟಿಗಿ ಹತ್ತೋವಂಗ ಬಗ್ಗಿ, ಮುಳ್ಳು ತೆಗೆದು ಸೈಡಿಗಿ ಇಟ್ಟೆ. ಸೊಸಿ ಮೊಬೈಲಿನ ಬ್ಯಾಟರಿ ಬೆಳಕು ಹಚ್ಚಿ, ಪೇಪರ್ ತಿದ್ದಿದಂಗ ಬೆರಳಿಲೆ ಸರಿಸಿ ಸರಿಸಿ ನೋಡಿದ್ಲು. ಎರಡು ಮುಳ್ಳು ಹಂಗೇ ಕೂತಿದ್ವು.

ಅಷ್ಟೇ ಅಲ್ಲ. ನಾ ಮುಳ್ಳು ಅಂತ ತೆಗೆದಿಟ್ಟ ರಾಶಿಯಾಗ ಅರ್ಧಕ್ಕರ್ಧ ಮಾಂಸನೇ ಇತ್ತು. ಓಣಿ ಬೆಕ್ಕು ಭಾಳ ವರ್ಷದಿಂದ ನನ್ನ ಮುಳ್ಳು ನಂಬಿಕೊಂಡೇ ಬದುಕ್ಯಾದ. ಅದು ಬಂದು ಮೂಸಿ, ಇವತ್ತು ಮುಳ್ಳಿಗಿ ಏನಾಯ್ತು ಅಂತ ನನ್ನ ಮಾರಿ ನೋಡ್ತು. ಮಾಂಸ ತಿಂದು ಖುಷಿ ಆಗಬೇಕಲ್ಲ, ಇಲ್ಲ, ಕಡಿಲಾಕ ಏನೂ ಇಲ್ಲಂತ ಸಿಟ್ಟಿಲೆ ಹೊಂಟು ಹೋಯ್ತು.

ಅಷ್ಟ್ರಾಗ ಭಾಲ್ಕಿಯಿಂದ ಬೀಗತಿ ಫೋನ್ ಬಂತು, ಸೊಸಿ ತಾಯಿ. ಬ್ಲೌಸ್ ಹೊಲಿಯೋ ಮನುಷ್ಯಾಳು. ನನ್ನ ಓರಗಿನೇ ಖರೇ, ಇವತ್ತಿಗೂ ಚಷ್ಮಾ ಇಲ್ದೆ ಸೂಜಿಗಿ ದಾರ ಪೋಣಿಸ್ತಾರ. ಸೊಸಿ ಸ್ಪೀಕರ್ ಹಚ್ಚಿದ್ಲು.

"ಬೀಗ್ರಿಗಿ ಯಾಕ ತ್ರಾಸ ಕೊಡ್ತೀರವ್ವಾ? ಮಿರಗಕ್ಕ ನಾ ಬರ್ತೀನಿ. ಮೊದಲ್ನೇ ಮೀನ ನಾನೇ ಇಡ್ತೀನಿ. ನನ್ನ ಕಣ್ಣು ಗಟ್ಟಿ ಅವ."

ಅವರು ಕೆಟ್ಟ ಮನಸ್ಸಿನಿಂದ ಅಂದಿದ್ದಲ್ಲ. ಆದ್ರೂ ನನಗ ಭಾಳ ಕೆಟ್ಟ ಅನಿಸ್ತು. ನಮ್ಮಪ್ಪ ನನ್ನ ಮಗನ ಬಾಯಾಗ ಮೀನ ಇಟ್ಟು, ಆ ಕೈ ತೊಳಿಲಾರ್ದೆ ಎಷ್ಟೋ ಹೊತ್ತು ಹಂಗೇ ಕೂತಿದ್ದ. ಅದು ನೆನಪಾಗಿ ಕಟ್ಟಿ ಮ್ಯಾಲ ಹೋಗಿ ಕೂತೆ. ಒಳಗಿಂದ ಊಟಕ್ಕ ಕರೆದ್ರೂ ಹಸಿವಿಲ್ಲ ಅಂದೆ.

೬. ಧ್ಯಾನ

ಕೂತಲ್ಲೇ ಒಂದು ವಿಚಾರ ಬಂತು. ಕಣ್ಣಿಗಿ ಕಾಣಲ್ಲ, ಒಪ್ಪಿದೆ. ಬೆರಳಿಗಿ ಏನಾಗ್ಯಾದ? ಗೇರ್ ಹಾಕೋವಾಗ ನಾ ಎಂದಾರ ಗೇರ್ ನೋಡೀನೇನು? ಕೈಗಿ ಗೊತ್ತಿರ್ತದ.

ಮರುದಿನ ಮೀನ ತಂದು, ಬೇಯಿಸ್ಕೊಂಡು, ಅಂಗಳದಾಗ ಚಾಪಿ ಹಾಸಿ ಕೂತೆ. ಕಣ್ಣು ಮುಚ್ಚಿದೆ. ಹೆಬ್ಬೆರಳು, ತೋರಬೆರಳು, ನಡುವ ಒಂಚೂರು ಮೀನ. ಮೆಲ್ಲಗ ತಿಕ್ಕಿದ್ರ ಮಾಂಸ ಸರಿತದ, ಮುಳ್ಳು ನಿಂದರ್ತದ. ಕೂದಲಷ್ಟು ಸಣ್ಣದಿದ್ರೂ ಬೆರಳಿಗಿ ಚುಚ್ಚಿ ಹೇಳ್ತದ. ಕಣ್ಣು ತೆರೆದು ಹುಡುಕಿದಾಗ ಸಿಗಲಾರದ ಮುಳ್ಳು ಕಣ್ಣು ಮುಚ್ಚಿದ ಮ್ಯಾಲ ಒಂದೊಂದೇ ಸಿಗಲಾಕ ಹತ್ತಿದ್ವು. ಹಂಗ ಮಿರಗದ ತನಕ ಬಿಡದೆ ಕೂತೆ. ಮನಿ ಮಂದಿಗಿ ಮೀನ ತಿಂದು ತಿಂದು ಸಾಕಾಗಿ ಹೋಯ್ತು. ಬೆಕ್ಕಿಗಿ ಅದರ ಮುಳ್ಳು ವಾಪಸ್ ಸಿಕ್ವು, ಅದು ನನ್ನ ಜೋಡಿ ಮಾತು ಶುರು ಮಾಡ್ತು.

ಒಂದಿನ ಬಾಜೂಕಿನ ಅಕ್ಕಾರು ಗೋಡಿ ಆಚಿಂದ ನೋಡ್ಯಾರ. ನಾ ಪದ್ಮಾಸನ ಹಾಕ್ಕೊಂಡು, ಬೆನ್ನು ನೆಟ್ಟಗ ಮಾಡಿ, ಕಣ್ಣು ಮುಚ್ಚಿ, ಹೆಬ್ಬೆರಳು ತೋರಬೆರಳು ಕೂಡಿಸಿ ಅಲ್ಲಾಡದಂಗ ಕೂತೀ‌ನಿ. ಹಿಂದ ಪಡಸಾಲ್ಯಾಗ ಬುದ್ಧನ ಮೂರ್ತಿ. ಅವರಿಗಿ ಬ್ಯಾರೆ ಏನು ಅನಿಸ್ಬೇಕು? ಚಪ್ಪಲಿ ಬಿಟ್ಟು, ತಲಿ ಮ್ಯಾಲ ಸೆರಗು ಹಾಕ್ಕೊಂಡು, ಸಪ್ಪಳ ಮಾಡಲಾರ್ದೆ ನಮ್ಮ ಅಂಗಳಕ್ಕ ಬಂದು ನನ್ನ ಮುಂದ ಕೈ ಮುಗಿದು ನಿಂತ್ರು.

"ಅಣ್ಣಾರ, ಈ ವಯಸ್ಸಿನ್ಯಾಗ ಇಷ್ಟು ಧ್ಯಾನ ಹತ್ತೋದು ಪುಣ್ಯ. ನಮ್ಮ ಮನಿಯವರಿಗೂ ಜರಾ ಹೇಳ್ರಿ..."

ಅನ್ನೋದ್ರಾಗ ಅವರ ಕಣ್ಣು ಕೆಳಗ ತಾಟಿಗಿ ಹೋಯ್ತು. ಮುಗಿದ ಕೈ ಬಿಟ್ರು. ಸೆರಗು ಮೂಗಿಗಿ ತಂದ್ರು.

"ನಡೀಲಿ ಅಣ್ಣಾರ, ನಿಮ್ದು ನಡೀಲಿ" ಅಂತ, ಬಂದಷ್ಟೇ ಸಪ್ಪಳ ಇಲ್ದೆ ಹಿಂದಕ್ಕ ಹೋದ್ರು.

೭. ಲಾಸ್ಟ್ ಸ್ಟಾಪ್

ಮಿರಗ ಬಂತು. ಬೆಳಿಗ್ಗಿನಿಂದ ಮೋಡ. ಮಗ ಮೀನಿನ ಬಜಾರದ ಗದ್ದಲದಾಗ ನುಗ್ಗಿ, ಅಂಗಿ ಗುಂಡಿ ಹರ್ಕೊಂಡು ರೋಹು ತಂದ. ಭಾಲ್ಕಿ ಬೀಗತಿ ಹೊತ್ತಿಗಿ ಮೊದಲೇ ಬಂದು, ಕೈ ತೊಳ್ಕೊಂಡು, ತಯಾರ್ ಆಗೇ ಕೂತಿದ್ರು.

ಸೊಸಿ ಉಗಿಯಾಗ ಬೇಯಿಸಿದ ತುಣುಕು ನನ್ನ ಮುಂದ ಇಟ್ಲು. ನಾ ಚಷ್ಮಾ ತೆಗೆದು ಪಕ್ಕಕ್ಕ ಇಟ್ಟೆ.

"ಏನ್ರಿ, ಚಷ್ಮಾ ಯಾಕ ತೆಗೆದ್ರಿ?" ಅಂದ್ಲು ಹೆಂಡ್ತಿ, ಗಾಬರಿಯಾಗಿ.

"ಅದು ಅಡ್ಡ ಬರ್ತದ" ಅಂದೆ.

ಕಣ್ಣು ಮುಚ್ಚಿ, ಬೆರಳಿನ್ಯಾಗ ತಿಕ್ಕಿ ತಿಕ್ಕಿ, ಮುಳ್ಳು ಒಂದು ಕಡಿ, ಮೀನ ಒಂದು ಕಡಿ ಮಾಡಿದೆ. ಸೊಸಿ ಬ್ಯಾಟರಿ ಹಚ್ಚಿ ನೋಡಿದ್ಲು. ಬೀಗತಿ ಸೂಜಿ ಕಣ್ಣಿಲೆ ನೋಡಿದ್ರು. ಹೆಂಡ್ತಿ ನಂಬಲಾರ್ದೆ ತಾನೂ ಬೆರಳಿಲೆ ತಿಕ್ಕಿ ನೋಡಿದ್ಲು. ಒಂದೂ ಮುಳ್ಳಿಲ್ಲ.

"ಮಾವಾರ, ಪಾಸ್" ಅಂದ್ಲು ಸೊಸಿ. ಖರೇ ಹೇಳ್ತೀನಿ, ಹೆವಿ ಲೈಸನ್ಸ್ ಸಿಕ್ಕ ದಿನನೂ ನನಗ ಇಷ್ಟು ಖುಷಿ ಆಗಿದ್ದಿಲ್ಲ.

ಮೊಮ್ಮಗಳ್ನ ಹೆಂಡ್ತಿ ತೊಡಿ ಮ್ಯಾಲ ಕುಂದ್ರಿಸ್ಕೊಂಡು ನನ್ನ ಎದುರಿಗಿ ಕೂತ್ಲು. ನಾ ಒಂಚೂರು ಮೀನ ಬೆರಳ ತುದಿಗಿ ತಗೊಂಡು ಮುಂದ ಒಯ್ದೆ. ಕೂಸು ಮೀನ ನೋಡ್ತು, ನನ್ನ ನೋಡ್ತು, ಬಾಯಿ ಗಪ್ಪನೆ ಮುಚ್ಚಿ ಮಾರಿ ತಿರುಗಿಸ್ತು. ತಾಟಿನ ಸ್ಟೇರಿಂಗ್ ಕೊಟ್ಟೆ, ಎತ್ತಿ ಒಗೀತು. "ನೌಬಾದ!" ಅಂದೆ, "ಜನವಾಡ!" ಅಂದೆ. ಆ ರೋಡಿನ ಪರಿಚಯ ಆಕಿಗಿ ಇರಲಿಲ್ಲ. ನನ್ನ ಒಬ್ಬನ ಬಾಯಿ ಮಾತ್ರ ತೆರೀತು, ಮುಚ್ತು. ಬೀಗತಿ ಸಾವಕಾಶ ಮುಂದ ಸರಿದ್ರು.

"ಬೀಗ್ರ, ಕೈ ಬದಲ್ ಮಾಡಿ ನೋಡೋಣೇನು?"

ಇಷ್ಟು ಮಾಡಿ ಈಗ ಬಿಡೋದಾ? "ತಡೀರಿ ತಡೀರಿ" ಅಂದೆ. "ನೋಡವ್ವಾ ನನ ಬಂಗಾರ, ಮುತ್ಯಾ ಹ್ಯಾಂಗ ತಿಂತಾನ ನೋಡು" ಅಂತ, ಬಲಗೈಯಾಗ ಕೂಸಿನ ಮೀನ ಹಂಗೇ ಹಿಡ್ಕೊಂಡು, ಎಡಗೈಲೆ ನನಗಂತ ಬಡಿಸಿಟ್ಟ ತಾಟಿನ್ಯಾಗಿನ ಕರಿದ ಮೀನ ಮುರಿದು, ಆ ಅಂತ ದೊಡ್ಡ ಬಾಯಿ ಮಾಡಿ ಒಳಗ ಹಾಕ್ಕೊಂಡು, ಗುಳುಕ್ ಅಂತ ನುಂಗಿ ತೋರಿಸಿದೆ.

ಕೂಸಿನ ಮೀನಿನ್ಯಾಗ ಮುಳ್ಳಿರಲಿಲ್ರಿ. ನನ್ನ ಮೀನಿನ ಮುಳ್ಳು ತೆಗೆದವರು ಯಾರು?

ಗಂಟಲ ಬುಡಕ್ಕ ಸೂಜಿ ನಿಂತಂಗ ಆಯ್ತು. ಕಣ್ಣು ಹೊರಗ ಬಂದ್ವು. "ಮುಳ್ಳು!" ಅಂತ ಹೆಂಡ್ತಿ ಕಿರುಚಿದ್ಲು. ಮನಿ ಅನ್ನೋದು ಬಸ್‌ಸ್ಟ್ಯಾಂಡ್ ಆಗಿ ಹೋಯ್ತು. ಮಗ ಬೆನ್ನಿಗಿ ಗುದ್ದಿದ. ಬೀಗತಿ ಅನ್ನದ ಉಂಡಿ ಮಾಡ್ಕೊಂಡು ಬಂದ್ರು. ಗೋಡಿ ಆಚಿಂದ ಅಕ್ಕಾರು, "ಬಾಳಿಹಣ್ಣು ನುಂಗಿಸ್ರಿ!" ಅಂತ ಅಂಗಡಿ ಗೊನಿನೇ ಎತ್ತಿ ಗೋಡಿ ಮ್ಯಾಲ ಇಟ್ರು. ಸೊಸಿ ಎಲ್ಲಾರನೂ ಹಿಂದಕ್ಕ ಸರಿಸಿದ್ಲು.

"ಯಾರೂ ಏನೂ ತಿನ್ನಿಸಬ್ಯಾಡ್ರಿ, ಇನ್ನಾ ಒಳಗ ಹೋಗ್ತದ. ಮಾವಾರ, ಬಾಯಿ ತೆರೀರಿ."

ಆಕಿ ಒಂದು ಕೈಯಾಗ ಮೊಬೈಲ್ ಬ್ಯಾಟರಿ, ಇನ್ನೊಂದು ಕೈಯಾಗ ಹುಬ್ಬು ಕೀಳೋ ಚಿಮಟಿ. ಅದನ್ನ ನೋಡಿ ನಾ ಬಾಯಿ ಮುಚ್ಚಿದೆ. ಇನ್ನ ಯಾರ ಮಾತಿಗೂ ತೆರಿಯೋವ ಅಲ್ಲ ನಾ.

"ತೆರೀರಿ ಮಾವಾರ, ಕಾಣ್ಸಿದ್ರ ತೆಗಿತೀನಿ, ಇಲ್ಲಾಂದ್ರ ದವಾಖಾನಿಗಿ ಹೋಗೋಣ."

ನಾ ತಲಿ ಅಲ್ಲಾಡಿಸಿದೆ. ಕೂಸೂ ಬಾಯಿ ಮುಚ್ಚಿ ಕೂತದ, ನಾನೂ ಬಾಯಿ ಮುಚ್ಚಿ ಕೂತೀನಿ, ಎದುರಾಬದುರ. ಆಗ ನನ್ನ ಮಗ ಏನು ಮಾಡಿದ ಗೊತ್ತೇನ್ರಿ? ಕೂಸು ಒಗೆದ ತಾಟ ಎತ್ಕೊಂಡ, ನನ್ನ ಮುಂದ ಕೂತ, ಎರಡೂ ಕೈಲೆ ತಾಟ ತಿರುವಿದ.

"ಘರ್ರ್ರ್... ನೌಬಾದ!"

ನನ್ನ ಬಾಯಿ ಜರಾ ಸಡಿಲ ಆಯ್ತು. ನಾ ತೆರೆದಿದ್ದಲ್ಲ, ತಾನೇ ತೆರೀತು.

"ಜನವಾಡ!"

ಅರ್ಧ ತೆರೀತು.

"ಕೌಠಾ! ಬ್ರಿಡ್ಜ್ ಬಂತು!"

ಪೂರಾ ತೆರೀತು. ಸೊಸಿ ಬ್ಯಾಟರಿ ಹಿಡಿದ ಕೈಲೇ ಗದ್ದ ಮ್ಯಾಲಕ್ಕೆತ್ತಿ ಬಾಯಾಗ ಬೆಳಕು ಬಿಟ್ಲು. "ಕಾಣ್ಲತ್ತದ, ಅಲ್ಲಾಡಬ್ಯಾಡ್ರಿ!" ಅಂದ್ಲು. ನಾ ಛಾವಣಿ ನೋಡ್ಕೊಂತ ಕೂತೆ. ಅಷ್ಟ್ರಾಗ ಹೆಂಡ್ತಿ ದನಿ.

"ಏನ್ರಿ! ಕೂಸು ಬಾಯಿ ತೆರದದ! ನಿಮ್ಮನ್ನ ನೋಡಿ ತೆರದದ! ಇಡ್ರಿ ಲಗೂನ!"

ತಲಿ ಬಗ್ಗಿಸೋವಂಗಿಲ್ಲ, ಮಾತಾಡೋವಂಗಿಲ್ಲ. ಬಲಗೈಯಾಗ ಕೂಸಿನ ಮೀನ ಇನ್ನೂ ಹಂಗೇ ಇತ್ತು. ಕೈ ಮುಂದ ಚಾಚಿದೆ. ಮೊದಲ ಬೆರಳಿಗಿ ಒಂದು ಸಣ್ಣ ಮೂಗು ಹತ್ತಿತು. ಕೆಳಗ ಬಂದೆ, ಮೆತ್ತನ್ನ ತುಟಿ, ಅದ್ರ ಒಳಗ ಎರಡು ಹಲ್ಲು. "ಸಂತಪುರ!" ಅಂದ ಮಗ. ಆಕಡಿ ಸೊಸಿ ಚಿಮಟಿ ಎಳೆದ್ಲು, ಈಕಡಿ ನಾ ಮೀನ ಇಟ್ಟೆ. ಮುಳ್ಳು ಹೊರಗ ಬಂತು, ಮೀನ ಒಳಗ ಹೋಯ್ತು.

ಕೂಸು ಚಪ್ಪರಿಸ್ತು. ಚಪ್ಪರಿಸಿ, ಮತ್ತೊಂದು ಸಲ ಬಾಯಿ ತೆರೀತು. ಗೋಡಿ ಆಚಿಂದ ಅಕ್ಕಾರು ಚಪ್ಪಾಳಿ ಬಡಿದ್ರು. ಬೀಗತಿ ಅನ್ನದ ಉಂಡಿ ಕೈಯಾಗ ಹಿಡ್ಕೊಂಡೇ, "ಬೀಗ್ರ, ಕಣ್ಣಿದ್ದೋರು ನಾವು ಸೋತ್ವಿ ಬಿಡ್ರಿ" ಅಂದ್ರು. ನಾ ಅತ್ತೆ. ಮುಳ್ಳಿನ ನೋವಿಗಿ ಅಂತ ಮಂದಿ ತಿಳ್ಕೊಂಡ್ರು, ತಿಳ್ಕೊಳ್ಲಿ.

ಹೆಂಡ್ತಿ ಚಿಮಟಿ ತುದಿಯಾಗಿನ ಮುಳ್ಳು ನೋಡಿದ್ಲು, ನನ್ನ ನೋಡಿದ್ಲು.

"ಲೈಸನ್ಸ್ ವಾಪಸ್ ಕೊಟ್ಟೀನಿ. ಖರೇ ಕೂಸಿನ ತಾಟಿಗಿ ಅಷ್ಟೇ. ನಿಮ್ಮ ತಾಟಿನ ಮುಳ್ಳು ಇವತ್ತಿನಿಂದ ಸೊಸಿ ತೆಗೀತಾಳ."

ಭಾಳ ವರ್ಷ ಸರ್ವಿಸ್ ಮಾಡಿದವಗ ಇದೆಂಥಾ ಮಾತು ಅಂತ ಜವಾಬು ಕೊಡ್ಲಾಕ ನಾ ಬಾಯಿ ತೆರದೆ. ಎದುರಿಗಿ ಸೊಸಿ, ಮುಳ್ಳು ತೆಗೆದ ಮೀನಿನ ಒಂದು ತುತ್ತು ಹಿಡ್ಕೊಂಡು ಕಾದೇ ಕೂತಿದ್ಲು.

"ಔರಾದ! ಲಾಸ್ಟ್ ಸ್ಟಾಪ್!" ಅಂದು ಬಾಯಾಗ ಇಟ್ಟೇ ಬಿಟ್ಲು.